ಗುಂಡಿಯ ಮೇಲಿನ ಬೆರಳು

ತಪ್ಪು ನನ್ನದೇ. ಸಿಂದಗಿ ಬಸ್ ಸ್ಟ್ಯಾಂಡ್ ಎದುರಿನ ಕ್ಯಾಸೆಟ್ ಅಂಗಡಿ ಕಾಕಾ ಹೆದರಿದರೆ ಮುಖ ಹೇಗಾಗುತ್ತದೆಂದು ನೋಡಿ, ಗೆಳೆಯರೆದುರು ನಕಲು ಮಾಡಲು ಪುಣೆಯ ಹಾಸ್ಟೆಲಿನಿಂದ ಡೆತ್ ಮೆಟಲ್ ಎಂಬ ಅಬ್ಬರದ ಇಂಗ್ಲಿಷ್ ಸಂಗೀತದ ಕ್ಯಾಸೆಟ್ ತಂದಿದ್ದೆ. ಹಿಂದಿನ ತಿಂಗಳಷ್ಟೇ ಅವರು ಎದೆನೋವಿನಿಂದ ಆಸ್ಪತ್ರೆ ಸೇರಿದ್ದು ನನ್ನ ಜಾಣತಲೆಗೆ ಹೊಳೆಯಲಿಲ್ಲ.

ಯಾವುದೇ ಕ್ಯಾಸೆಟ್ಟನ್ನು ಅವರು ಪ್ರತಿ ಮಾಡುವ ಮೊದಲು ತಾವೇ ಕೇಳುತ್ತಿದ್ದರು. ಟೇಪು ಸಿಕ್ಕಿಕೊಂಡರೆ ತಕ್ಷಣ ನಿಲ್ಲಿಸಲು ಒಂದು ಬೆರಳು ಸದಾ ಗುಂಡಿಯ ಮೇಲಿರುತ್ತಿತ್ತು. ಗಿರಾಕಿ ಅವಸರ ಮಾಡಿದರೆ, "ಪೂರಾ ಕೇಳೂಣು, ತಡೀರಿ" ಎನ್ನುತ್ತಿದ್ದರು. ಆ ಬೆರಳನ್ನೂ ಆ ಮಾತನ್ನೂ ನಾನು ಊರೆಲ್ಲ ನಕಲು ಮಾಡಿ ತೋರಿಸಿದ್ದೆ.

"ಭಜನಿ ಐತ್ರಿ ಕಾಕಾ" ಎಂದು ಪ್ರತಿ ಮಾಡಲು ಕೊಟ್ಟೆ.

ಹಾಡುಗಾರ ಗಂಟಲು ಹರಿಯುವಂತೆ ಗರ್ಜಿಸಿದ. ಕಾಕಾ ಕಣ್ಣು ಮುಚ್ಚಿದರು. ಬೆರಳು ಗುಂಡಿಯಿಂದ ಜಾರಿ ತೊಡೆಯ ಮೇಲೆ ಬಿತ್ತು. ಎರಡು ಸಲ ಕರೆದೆ, ಅಲುಗಲಿಲ್ಲ. ಅವರ ಹೆಂಡತಿ ಕಾಕುಗೆ ಏನೆಂದು ಹೇಳಲಿ? ಓಡಲೂ ಆಗದೆ, ಅವರನ್ನು ಮುಟ್ಟಲೂ ಆಗದೆ ನಿಂತೆ.

ಅಷ್ಟರಲ್ಲಿ ಗರ್ಜನೆ ನಿಂತಿತು. ಒಂಟಿ ಗಿಟಾರಿನ ಜೊತೆ ಅದೇ ಗಂಟಲು ತೊಟ್ಟಿಲು ತೂಗುವಷ್ಟು ಮೆತ್ತಗೆ ಹಾಡತೊಡಗಿತು. ಇದು ನನಗೂ ಗೊತ್ತಿರಲಿಲ್ಲ. ನಾನು ಕೇಳಿದ್ದು ಮೊದಲ ಒಂದು ನಿಮಿಷ ಮಾತ್ರ. ಕಾಕಾರ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು.

ಹೋದ ಜೀವ ಬಂದಂತಾಗಿ, ಏನೂ ಆಗಿಲ್ಲವೆಂಬಂತೆ ನಾನೂ ಆ ಹಾಡುಗಾರನಂತೆ ಗರ್ಜಿಸಿ ತೋರಿಸಿದೆ.

ಕಾಕಾ ಕಣ್ಣು ತೆರೆಯಲಿಲ್ಲ. "ಒದರೂದು ನಮ್ಮ ಎಮ್ಮಿಗೂ ಬರ್ತೈತಿ, ತಮ್ಮಾ. ಅಂವನಂಗ ಮೆತ್ತಗಾಗಿ ತೋರಿಸು."