ಚೆನ್ನಾಗಿದ್ದಾರೆ ಅಂದ ತಪ್ಪಿಗೆ

ಅದು ೧೯೭೬ನೇ ಇಸವಿ, ತುರ್ತು ಪರಿಸ್ಥಿತಿಯ ಕಾಲ. ಬೀರೂರು ರೈಲ್ವೆ ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ ನಾನು ರೈಲ್ವೆ ಮುಷ್ಕರಕ್ಕೆ ಸೇರಿ ಕೆಲಸ ಕಳೆದುಕೊಂಡಿದ್ದೆ. ಆಮೇಲಾದರೂ ಸುಮ್ಮನಿರಬೇಕಿತ್ತು, ಆ ಜಾಯಮಾನ ನನ್ನದಲ್ಲ. ಸರ್ಕಾರದ ವಿರುದ್ಧ ಕರಪತ್ರ ಹಂಚಿದೆ. ಪೊಲೀಸರು ಹುಡುಕತೊಡಗಿದಾಗ ತರೀಕೆರೆಯಲ್ಲಿ ಗೆಳೆಯನೊಬ್ಬನ ಮನೆಯ ಅಟ್ಟ ಸೇರಿಕೊಂಡೆ. ನಾನು ಸಿಗಲಿಲ್ಲವೆಂದು ಅವರು ಅಜ್ಜಂಪುರದಲ್ಲಿ ಸೈಕಲ್ ಶಾಪ್ ಇಟ್ಟಿದ್ದ ನನ್ನ ಅಣ್ಣನನ್ನು ಎಳೆದುಕೊಂಡು ಹೋದರು. ಬಿಟ್ಟು ಕಳಿಸಿದಾಗ ಅವನ ಬಲಗೈ ಮೇಲೇಳುತ್ತಿರಲಿಲ್ಲ.

ಅಣ್ಣ ನನ್ನನ್ನು ನೋಡಲು ತರೀಕೆರೆಗೇ ಬಂದ. ಎಡಗೈಯಲ್ಲಿ ಅತ್ತಿಗೆ ಕಟ್ಟಿಕೊಟ್ಟ ರೊಟ್ಟಿಯ ಗಂಟಿತ್ತು.

"ನಾನೇ ಹೋಗಿ ಪೊಲೀಸ್ ಸ್ಟೇಷನ್ನಲ್ಲಿ ಕೂತ್ಕತೀನಿ ಕಣಣ್ಣ" ಅಂದೆ.

"ಲೇ, ನನ್ ಕೈ ಹೋಗಿದ್ದೇ ಸಾಕು. ನೀನೂ ಹೋಗಿ ಕಾಲ್ ಮುರುಸ್ಕಬೇಡ. ಎಲ್ಲಾದ್ರೂ ದೂರ ಹೋಗಿ ಬದುಕ್ಕ ಹೋಗು" ಅಂತ ಬೈದ. ನಾನು ರೊಟ್ಟಿಯ ಗಂಟು ಇಸಿದುಕೊಂಡೆ.

ಬೊಂಬಾಯಿಯಲ್ಲಿ ಹಡಗೊಂದರ ಅಡುಗೆಮನೆ ಕೆಲಸಕ್ಕೆ ಸೇರಿ ಹೇಗೋ ಪಶ್ಚಿಮ ಜರ್ಮನಿಯಲ್ಲಿ ಇಳಿದುಬಿಟ್ಟೆ. ಊರಿಗೆ ಹೋದರೆ ನನ್ನನ್ನು ಉಳಿಸುವುದಿಲ್ಲ, ಇಲ್ಲೇ ಆಶ್ರಯ ಕೊಡಿ ಎಂದು ಅರ್ಜಿ ಹಾಕಿದೆ.

ವಿಚಾರಣೆಯ ದಿನ ದುಭಾಷಿಯಾಗಿ ಬಂದವರು ಹಾಸನದ ಕಡೆಯ ಹಿರಿಯರು. ಕನ್ನಡ ಕಿವಿಗೆ ಬಿದ್ದು ಎಷ್ಟೋ ಕಾಲವಾಗಿತ್ತು, ನನಗೆ ಅಳುವೇ ಬಂತು. ಅಧಿಕಾರಿ ಏನೋ ಕೇಳಿದ. ಇವರು ನನ್ನ ಕಡೆ ತಿರುಗಿ, "ಮನೇಲಿ ಎಲ್ಲಾ ಹೇಗಿದಾರಪ್ಪಾ?" ಅಂದರು.

"ಎಲ್ಲಾ ಚೆನ್ನಾಗಿದಾರೆ ಸಾರ್, ನಿಮ್ ಆಶೀರ್ವಾದ" ಅಂದುಬಿಟ್ಟೆ.

ನಮ್ಮ ಕಡೆ ಆ ಪ್ರಶ್ನೆಗೆ ಬೇರೆ ಉತ್ತರವೇ ಇಲ್ಲ. ಮನೆಯಲ್ಲಿ ಹೆಣ ಮಲಗಿದ್ದರೂ ಮೊದಲು ಬಾಯಿಗೆ ಬರುವುದು ಅದೇ. ಆದರೆ ಅಧಿಕಾರಿ ಅದನ್ನು ಬರೆದುಕೊಂಡ. ಆಮೇಲೆ ನಾನು ಅಣ್ಣನ ಕೈ ವಿಷಯ ತೆಗೆದಾಗ, "ಎಲ್ಲರೂ ಚೆನ್ನಾಗಿದ್ದಾರೆ ಅಂದೆಯಲ್ಲ, ಯಾವುದು ಸುಳ್ಳು?" ಎಂದು ಅವರಿಂದ ಕೇಳಿಸಿದ. "ಅದು ಹಂಗಲ್ಲ ಸಾರ್, ನಮ್ ಕಡೆ ಹಂಗೇ ಹೇಳೋದು" ಅಂತ ತಡವರಿಸಿದೆ. ಅಣ್ಣನ ಕೈ ವಿಷಯ ಅಲ್ಲಿಗೇ ನಿಂತಿತು. ಅರ್ಜಿ ತಿರಸ್ಕಾರವಾಯಿತು. ಇನ್ನು ನನ್ನನ್ನು ಊರಿಗೆ ಕಳಿಸುವುದೊಂದೇ ಬಾಕಿ.

ನನ್ನ ಹಾಗೇ ಅರ್ಜಿ ಹಾಕಿ ಕಾಯುತ್ತಿದ್ದ ಸರ್ದಾರ್ಜಿಯೊಬ್ಬ, "ಬೆಲ್ಜಿಯಂಗೆ ಹೋಗಿ ಇನ್ನೊಂದು ಸಲ ಆಶ್ರಯ ಕೇಳು" ಅಂತ ಹಿಂದಿಯಲ್ಲಿ ಹೇಳಿ, ಬೆಳಗ್ಗೆಯೇ ಗಡಿಯ ಕಾಡಿನ ಅಂಚಿನವರೆಗೂ ಬಂದು ದಾರಿ ತೋರಿಸಿದ. ಅಲ್ಲಿಂದ ಒಬ್ಬನೇ ನಡೆದೆ. ಗಡಿಯೆಂದರೆ ಬೇಲಿಯಿಲ್ಲ, ಕಾವಲಿಲ್ಲ. ನಮ್ಮ ಹೊಲದ ಬಾಂದುಕಲ್ಲಿನಂಥ ಒಂದು ಕಲ್ಲು ಇತ್ತು, ಅಷ್ಟೆ. ಅದನ್ನು ದಾಟಿದಾಗ ಸಂತೋಷವೇನೂ ಆಗಲಿಲ್ಲ. ನನ್ನನ್ನು ಬೇಕು ಅನ್ನುವವರು ಈ ಕಡೆಯೂ ಇಲ್ಲ ಅನ್ನಿಸಿ ಆ ಕಲ್ಲಿನ ಪಕ್ಕದಲ್ಲೇ ಕೂತುಬಿಟ್ಟೆ.

ಹತ್ತಿರದ ಮನೆಯ ಅಜ್ಜಿಯೊಬ್ಬರು ಕೊಟ್ಟಿಗೆಯಿಂದ ನನ್ನನ್ನು ನೋಡಿ ಕೈಹಿಡಿದು ಒಳಗೆ ಕರೆದುಕೊಂಡು ಹೋದರು. ಬಿಸಿ ಕಾಫಿ, ಬ್ರೆಡ್ಡು ಕೊಟ್ಟು ಏನೋ ಕೇಳಿದರು. ಭಾಷೆ ತಿಳಿಯಲಿಲ್ಲ, ಧಾಟಿ ತಿಳಿಯಿತು.

"ಚೆನ್ನಾಗಿಲ್ಲ ಕಣಮ್ಮ, ಯಾರೂ ಚೆನ್ನಾಗಿಲ್ಲ" ಅಂದೆ. ಅಣ್ಣನನ್ನು ಹೇಗೆ ಹೊಡೆದರು, ಅತ್ತಿಗೆ ಅವನಿಗೆ ಹೇಗೆ ತುತ್ತು ಕಲಸಿ ಬಾಯಿಗಿಡುತ್ತಾರೆ, ಸೈಕಲ್ ಶಾಪ್ ಹೇಗೆ ಬಾಗಿಲು ಹಾಕಿತು, ಎಲ್ಲವನ್ನೂ ಕನ್ನಡದಲ್ಲೇ ಹೇಳಿದೆ. ಆ ಆಫೀಸಿನಲ್ಲಿ ಬಾರದ ಮಾತೆಲ್ಲ ಅಲ್ಲಿ ಬಂತು. ಅಜ್ಜಿ ನನ್ನ ಬೆನ್ನು ಸವರುತ್ತಾ ಮುಗಿಯುವವರೆಗೂ ಕೂತು ಕೇಳಿದರು.

ಅಷ್ಟರಲ್ಲಿ ಬಾಗಿಲಲ್ಲಿ ಪೊಲೀಸ್ ಜೀಪು ನಿಂತಿತು. ಯಾರು ಕರೆಸಿದರೋ ಗೊತ್ತಿಲ್ಲ. ಆಕೆಯೇ ಎಂದು ನಂಬಲು ನನಗೆ ಇಷ್ಟವಿಲ್ಲ.

ಬಂದ ದಾರಿಯಲ್ಲೇ ಜರ್ಮನಿಗೆ ವಾಪಸು ಕಳಿಸಿದರು, ಅಲ್ಲಿಂದ ಬೊಂಬಾಯಿಗೆ. ಅಷ್ಟು ಹೊತ್ತಿಗೆ ತುರ್ತು ಪರಿಸ್ಥಿತಿ ಮುಗಿದಿತ್ತು, ನನ್ನನ್ನು ಯಾರೂ ಹಿಡಿಯಲಿಲ್ಲ. ಅಣ್ಣನ ಕೈ ಮಾತ್ರ ಹಾಗೆಯೇ ಇತ್ತು.

"ಅಲ್ಲೇ ಯಾಕೋ ಇರಕ್ಕೆ ಬಿಡ್ಲಿಲ್ಲ?" ಅಂತ ಕೇಳಿದ.

ನಿನ್ನ ಕೈ ವಿಷಯ ಸರಿಯಾಗಿ ಹೇಳಲು ನನಗೆ ಬಾಯಿ ಬರಲಿಲ್ಲ ಅನ್ನಲಾಗದೆ, "ಚಳಿ ಕಣಣ್ಣ, ತಡ್ಯಕ್ಕಾಗಲ್ಲ" ಅಂದೆ.

ಅಣ್ಣ ೧೯೮೫ರಲ್ಲಿ ತೀರಿಕೊಂಡ. ಇದನ್ನು ಬರೆಯುವವರೆಗೂ ನನ್ನ ಕಥೆ ಪೂರ್ತಿ ಕೇಳಿದವರು ಆ ಅಜ್ಜಿ ಒಬ್ಬರೇ. ಅವರಿಗೋ ಕನ್ನಡ ಬರುತ್ತಿರಲಿಲ್ಲ.