ಕೊಳತ್ತೂರಿನ ಹಿಮ

ತಮಿಳು ಸೀಮೆಯ ಕೊಳತ್ತೂರಿನ ಕಡೆಯ ಕನ್ನಡದಲ್ಲಿ ಹಕಾರಕ್ಕೆ ಜಾಗವಿಲ್ಲ. ಹೋಗುವವರು ಓಗುತ್ತಾರೆ, ಹಾಲು ಆಲಾಗುತ್ತದೆ. ನಾರಪ್ಪನೂ ಹಾಗೇ ಆಡುತ್ತಿದ್ದವನು. ಸೌದಿಯ ಸಸಿತೋಟವೊಂದರಲ್ಲಿ ಬಹುಕಾಲ ನೀರು ಹಾಯಿಸಿ ಮರಳಿದಾಗ ಒಂದೇ ಒಂದು ಹಕಾರ ತಂದಿದ್ದ. ಬೇರೆಯವರು ಚಿನ್ನ ತಂದರು, ಇವನು ಅಕ್ಷರ ತಂದ ಎಂದು ಊರು ನಕ್ಕಿತು.

ಹೆಚ್ಚು ನಕ್ಕವಳು ನೆರೆಮನೆಯ ಚಿನ್ನಕ್ಕ. ಅವಳ ಆಡುಗಳೆಲ್ಲ ಮೇಯುವುದು ಊರ ಹಿಂದಿನ ಬೋಳು ಗುಡ್ಡದಲ್ಲಿ. ನಾರಪ್ಪನ ಕಣ್ಣು ಬಿದ್ದದ್ದೂ ಅಲ್ಲೇ.

"ಗುಡ್ಡಾನ ಹಿಮಾ ಮಾಡಾಣಕ್ಕಾ."

"ಏನ್ಲಾ, ಈ ಸುಡೋ ವೆಯಿಲಲ್ಲಿ ಇಮ ಬೀಳಿಸ್ತೀಯಾ? ಆಡುಗೊಳಿಗೆ ಸ್ವೆಟರ್ ಒಲಿಸ್ಲಾ?"

"ಆ ಇಮ ಅಲ್ಲ, ಹಿಮಾ! ಅರಬ್ಬೀ ಮಾತು. ಉಲ್ಲು ಬೀಜ ಉದುರಿಸೋಗಂಟ ಊರೋರೇ ಸೇರಿ ಮೇವಿನ ನೆಲ ಮುಚ್ಚೋದು. ಅಲ್ಲಿಯೋರೂ ನಡುವೆ ಇದನ್ನ ಬಿಟ್ಟು, ಲಾರೀಲಿ ಕುರಿ ತಂದು ಮೇಯಿಸಿ ಎಲ್ಲಾ ಬೋಳು ಮಾಡ್ಕಂಡ್ರು. ಈಗ ಕೆಲವು ಕಡೆ ನೆಲ ಕಾಯೋದನ್ನ ಕುರಿಯೋರ್ ಕೈಗೇ ತಿರುಗಿ ಕೊಡ್ತಾವ್ರೆ."

"ಅಲ್ಲೀಗಂಟ ನನ್ನ ಆಡು ನಿನ್ನ ಅಕ್ಷರ ಮೇಯ್ಬೇಕಾ?"

ಒಂದು ಮಳೆಗಾಲ ಗುಡ್ಡ ಬಿಟ್ಟರೆ ತನ್ನ ಹೊಲದ ಅಗಸೆ ಸೊಪ್ಪೆಲ್ಲ ಅವಳ ಆಡುಗಳಿಗೇ ಎಂದ ನಾರಪ್ಪ. ಚಿನ್ನಕ್ಕ ಒಪ್ಪಿದಳು, ಅವಳು ಒಪ್ಪಿದ ಮೇಲೆ ಊರೂ ಒಪ್ಪಿತು.

ಮುಚ್ಚಿದ ಗುಡ್ಡಕ್ಕೆ ಮೊದಲು ನುಗ್ಗಿದ್ದು ಯಾರದೋ ಆಡಲ್ಲ, ನಾರಪ್ಪನದೇ ಹಸು. ದಂಡವಾಗಿ ಅವನು ಊರಿಗೆಲ್ಲ ಟೀ ಕುಡಿಸಿದ. "ನಿನ್ ಅಸೂಗೆ ಅರಬ್ಬೀ ಬರಲ್ವೇನಪ್ಪಾ?" ಎಂದು ಚಿನ್ನಕ್ಕ ಇನ್ನೊಂದು ಲೋಟ ಕೇಳಿ ಪಡೆದಳು.

ಐಪ್ಪಸಿ ತಿಂಗಳ ಮಳೆ ಚೆನ್ನಾಗಿ ಹಿಡಿಯಿತು. ಹುಲ್ಲು ಮೊಣಕಾಲು ಮುಟ್ಟಿದ ವಾರ ನಾರಪ್ಪ ತೀರಿಕೊಂಡ. ಬೆಳಿಗ್ಗೆ ಟೀ ಕುಡಿದು ಗೋಡೆಗೆ ಒರಗಿದವನು ಏಳಲಿಲ್ಲ. ಹುಲ್ಲು ತೆನೆ ಬಿಟ್ಟಿದ್ದನ್ನು ಅವನು ನೋಡಲಿಲ್ಲ.

ತಿಥಿ ಮುಗಿದದ್ದೇ ತಡ, ಚಿನ್ನರಾಜ್ ಎಂಬುವನು ತನ್ನ ಕುರಿಗಳನ್ನು ಗುಡ್ಡಕ್ಕೆ ಅಟ್ಟಿಕೊಂಡು ಬಂದ. ಹೇಳುವವನೇ ಹೋದ ಮೇಲೆ ಕೇಳುವವರಾರು? ಹೊಲದ ಅಗಸೆ ಬರಿದಾಗಿತ್ತು, ಚಿನ್ನಕ್ಕನ ಆಡುಗಳೂ ಕೊಟ್ಟಿಗೆಯಲ್ಲಿ ಅರಚುತ್ತಿದ್ದವು. ಅವಳು ಮಾತ್ರ ಕೋಲು ಹಿಡಿದು ದಾರಿಗೆ ಅಡ್ಡ ನಿಂತಳು. ಒಂದು ತೆನೆ ಕಿತ್ತು ಅಂಗೈಯಲ್ಲಿ ಹಿಸುಕಿದಳು. ಬಿಳಿಯ ರಸ ಬಂತು.

"ನೋಡ್ಲಾ, ಇನ್ನೂ ಆಲೈತೆ. ಬೀಜ ಕಟ್ಟಿಲ್ಲ. ತಿರುಗಿಸ್ಕಂಡ್ ಓಗು."

"ಎಲ್ಲೀಗಂಟಕ್ಕಾ?"

"ಹಿಮ ಕರಗೋಗಂಟ."

ಹಕಾರ ಎದೆಯಿಂದಲೇ ಬಂದಿತ್ತು. ಚಿನ್ನರಾಜ್ ನಗಲು ಹೊರಟು, ಅವಳ ಮುಖ ನೋಡಿ, ಕುರಿಗಳನ್ನು ತಿರುಗಿಸಿದ.