ಮನೆಯವರಿಗೆ ಅದೇ ಮಾತ್ರೆ

ಔಷಧಿ ಅಂಗಡಿಯವರು ಮಾತ್ರೆಯ ಹಾಳೆಯನ್ನು ಕತ್ತರಿಸಿ, ಕಂದು ಕಾಗದದ ಪುಟ್ಟ ಕವರಿಗೆ ಹಾಕಿ, ಅದರ ಬಾಯನ್ನು ಎರಡು ಸಲ ಮಡಚಿ ಕೈಗಿಟ್ಟರು. ಎರಡನೆಯ ಮಡಿಕೆಯ ಮೇಲೆ ಉಗುರು ಎಳೆದ ಸದ್ದು ಕೇಳಿದ್ದೇ ತಡ, ನಾನು ಅಂಗಡಿಯ ಮೆಟ್ಟಿಲ ಮೇಲೇ ನಿಂತುಬಿಟ್ಟೆ. ಹಿಂದಿದ್ದವರು "ಸ್ವಲ್ಪ ಜಾಗ ಬಿಡಿ ಮೇಡಂ" ಎಂದರು. ನಿದ್ದೆ ಬಾರದೆಂದು ಡಾಕ್ಟರು ಬರೆದುಕೊಟ್ಟ ಮಾತ್ರೆಗಳವು. ಮನೆಗೆ ತಂದು ಮೇಜಿನ ಮೇಲಿಟ್ಟಿದ್ದೇನೆ. ಇನ್ನೂ ಬಿಚ್ಚಿಲ್ಲ.

ಆ ಸದ್ದು ನನ್ನ ಅಪ್ಪನದು. ಅಂದರೆ, ಅಪ್ಪ ಅಂಗಿಯ ಜೇಬಿನಿಂದ ಪೊಟ್ಟಣ ತೆಗೆದು ಅಡುಗೆಮನೆಯ ಕಟ್ಟೆಯ ಮೇಲಿಡುವ ಮೊದಲು ಅದರ ಮಡಿಕೆಯನ್ನು ಇನ್ನೊಮ್ಮೆ ಉಗುರಿನಿಂದ ತೀಡುತ್ತಿದ್ದರು. ಎಪ್ಪತ್ತರ ದಶಕದ ಮಾತು. ನಾವಿದ್ದದ್ದು ಪೀಣ್ಯದ ಅಂಚಿನಲ್ಲಿ, ಅಪ್ಪ ಕೆಲಸ ಮಾಡುತ್ತಿದ್ದ ಸರ್ಕಾರಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಬೇಲಿಯಾಚೆ ರಾಗಿ ಹೊಲಗಳ ನಡುವೆ ಒಂದೊಂದೇ ಶೆಡ್ಡು ಏಳುತ್ತಿತ್ತು. ಬಟ್ಟೆ ಒಣಹಾಕಿದರೆ ಸುಟ್ಟ ಎಣ್ಣೆಯ ವಾಸನೆ ಹತ್ತುತ್ತಿತ್ತು. ನಾವು ಏಳುವುದು, ಉಣ್ಣುವುದು, ಮಲಗುವುದು ಎಲ್ಲ ಕಾರ್ಖಾನೆಯ ಸೈರನ್ನಿನ ಲೆಕ್ಕದಲ್ಲಿ.

ಆ ಸೈರನ್ನನ್ನು ಅಣಕಿಸುವುದರಲ್ಲಿ ನನ್ನ ತಮ್ಮ ಪುಟ್ಟು ನಿಸ್ಸೀಮನಾಗಿದ್ದನಂತೆ. 'ಅಂತೆ' ಎನ್ನುತ್ತೇನೆ, ಯಾಕೆಂದರೆ ನನಗೆ ಅವನ ನೆನಪು ಅಷ್ಟಾಗಿ ಇಲ್ಲ. ಇನ್ನೂ ಶಾಲೆಗೆ ಸೇರದ ವಯಸ್ಸಿನಲ್ಲಿ ಮಿದುಳು ಜ್ವರ ಬಂದು ಹೋಗಿಬಿಟ್ಟ. ಅಮ್ಮ ಊಟ ಬಿಟ್ಟಳು, ನಿದ್ದೆ ಬಿಟ್ಟಳು. ಅಪ್ಪ ಅವಳನ್ನು ಕಾರ್ಖಾನೆಯ ಡಿಸ್ಪೆನ್ಸರಿಗೆ ಕರೆದುಕೊಂಡು ಹೋದರು. "ನರ ತುಂಬ ಬಿಗಿಯಾಗಿವೆ, ಸ್ವಲ್ಪ ದಿನ ಇದನ್ನ ಕೊಡಿ" ಎಂದು ಡಾಕ್ಟರು ಬಿಳಿ ಮಾತ್ರೆ ಬರೆದರು. ಡಾಕ್ಟರು ಅಮ್ಮನ ಮುಖ ನೋಡಿದ್ದು ಅದೇ ಮೊದಲು, ಅದೇ ಕೊನೆ.

ಏಕೆಂದರೆ ನಮ್ಮ ಕಡೆಯ ಪದ್ಧತಿಯೇ ಹಾಗಿತ್ತು. ಕಾಯಿಲೆ ಹೆಂಡತಿಯದು, ಡಿಸ್ಪೆನ್ಸರಿಯ ಪುಸ್ತಕ ಗಂಡನದು. ಪಾಳಿ ಮುಗಿಸಿ ಗೇಟಿನ ಕಡೆ ನಡೆಯುವಾಗ ಕಿಟಕಿಯೊಳಕ್ಕೆ ಪುಸ್ತಕ ಚಾಚಿದರೆ ಆಯಿತು. ಒಮ್ಮೆ ಅಪ್ಪನ ಜೊತೆ ಹೋಗಿದ್ದಾಗ ಕಂಡದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕಾಂಪೌಂಡರು ತಲೆಯೆತ್ತದೆ ಕೇಳಿದ: "ಏನ್ ಸಾರ್, ಮನೆಯವರಿಗೆ ಅದೇನಾ?"

"ಹ್ಞೂಂ, ಅದೇ."

ವೈದ್ಯಕೀಯ ತಪಾಸಣೆ ಅಷ್ಟೇ. 'ಸ್ವಲ್ಪ ದಿನ' ಎಂಬ ಮಾತು ಎಲ್ಲೋ ಗೇಟಿನ ಬಳಿ ಬಿದ್ದುಹೋಗಿತ್ತು. ಔಷಧಿ ಪುಕ್ಕಟೆ, ಕಾರ್ಖಾನೆಯವರು ಕೊಡುವ ಸೋಪು, ಸಮವಸ್ತ್ರಗಳ ಹಾಗೆ; ಬಿಟ್ಟರೆ ನಷ್ಟ. ಅಪ್ಪ ಕೆಟ್ಟವರಲ್ಲ, ನೀವು ಹಾಗೆ ತಿಳಿಯಬೇಡಿ. ಎಂಥ ಮಳೆಯಲ್ಲೂ ಅಮ್ಮನ ಪೊಟ್ಟಣ ತರುವುದನ್ನು ಅವರು ಮರೆತವರಲ್ಲ. ಪ್ರೀತಿ ತೋರಿಸಲು ಅವರಿಗೆ ಗೊತ್ತಿದ್ದ ದಾರಿ ಅದೊಂದೇ ಇದ್ದಿರಬೇಕು. ನನಗೆ ಸಿಟ್ಟು ಬರುವುದೂ ಅದಕ್ಕೇ.

ನಮ್ಮ ಸಾಲಿನ ಹೆಂಗಸರಲ್ಲಿ ಆ ಮಾತ್ರೆ ಹೆಪ್ಪಿನ ಹಾಗೆ ಓಡಾಡುತ್ತಿತ್ತು. ಪಕ್ಕದ ಮನೆಯ ಜಯಮ್ಮ ಗೋಡೆಯಾಚೆಯಿಂದ ಕೂಗುತ್ತಿದ್ದರು: "ರೀ, ಒಂದೆರಡು ಬಿಳೀದಿದ್ರೆ ಕೊಡ್ರೀ. ನಮ್ಮೋರು ಇವತ್ತು ಬರೀಗೈಲಿ ಬಂದವ್ರೆ. ಅವರ ತಲೆ ನೆಟ್ಟಗಿದ್ರೆ ನಂಗ್ಯಾಕೆ ಬೇಕಿತ್ತು ಈ ಮಾತ್ರೆ!" ಅಮ್ಮ ನಗುತ್ತ ಕೊಡುತ್ತಿದ್ದಳು. ಮರುದಿನ ಕೊಟ್ಟದ್ದು ಮರೆತಿರುತ್ತಿದ್ದಳು. ಇಸಿದುಕೊಂಡದ್ದು ಜಯಮ್ಮನಿಗೂ ಮರೆತಿರುತ್ತಿತ್ತು. ಹಾಗಾಗಿ ಜಗಳವೇ ಇರಲಿಲ್ಲ.

ಅಮ್ಮ ಮತ್ತೆ ಉಂಡಳು, ಮಲಗಿದಳು, ಕೆಲಸ ಮಾಡಿದಳು. ಆದರೆ ಸಾರಿಗೆ ಉಪ್ಪು ಎರಡು ಸಲ ಬೀಳುತ್ತಿತ್ತು, ಇಲ್ಲವೇ ಬೀಳುತ್ತಲೇ ಇರಲಿಲ್ಲ. ನಾನು ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ ಗೆದ್ದು ಬಂದು ಹೇಳಿದರೆ ಕೆನ್ನೆ ಸವರುತ್ತಿದ್ದಳು, ಬೆಳಿಗ್ಗೆ "ನಿನ್ನ ಸ್ಪರ್ಧೆ ಯಾವತ್ತೇ?" ಎನ್ನುತ್ತಿದ್ದಳು. ನಾನು ಡೈರಿ ಬರೆಯಲು ಕೂತದ್ದು ಆಗಲೇ. ಮನೆಯಲ್ಲಿ ಯಾರೂ ನೆನಪಿಟ್ಟುಕೊಳ್ಳದ ಮೇಲೆ ನಾನಾದರೂ ಇಟ್ಟುಕೊಳ್ಳಬೇಕಲ್ಲ ಎಂಬ ಹಟ. ಈಗ ತಿರುವಿದರೆ ನಗು ಬರುತ್ತದೆ: ಬಸ್ಸು ತಪ್ಪಿದ್ದು, ಗೆಳತಿಯ ಹೊಸ ಚಪ್ಪಲಿ, ಇತಿಹಾಸದ ಮೇಷ್ಟರ ತೊದಲು. ಅಮ್ಮನ ಬಗ್ಗೆ ಇರುವುದು ಒಂದೇ ಮಾತು, ಪುಟಪುಟಕ್ಕೂ: 'ಅಮ್ಮ ಮಲಗಿದ್ದಳು.'

ಅಪ್ಪನಿಗೆ ಒಮ್ಮೆ ಹೇಳಿದೆ, ಅಮ್ಮನಿಗೆ ಏನೂ ನೆನಪಿರುತ್ತಿಲ್ಲ, ಮಾತ್ರೆ ಬಿಡಿಸಿ ಎಂದು. ಅವರು ಶೂ ಬಿಚ್ಚುತ್ತ, "ನಿದ್ದೆ ಬರ್ತಿದೆಯಲ್ಲಮ್ಮ, ಸಾಲ್ದಾ? ಮನೇಲಿ ನೆನಪಿಟ್ಕೊಳ್ಳೋಂಥದ್ದು ಏನಿದೆ?" ಎಂದರು. ವ್ಯಂಗ್ಯವಲ್ಲ, ನಿಜವಾಗಿಯೂ ಕೇಳಿದ್ದರು.

ಎಂಬತ್ತರ ದಶಕದ ಕೊನೆಗೆ ಅಪ್ಪ ನಿವೃತ್ತರಾದರು. ಡಿಸ್ಪೆನ್ಸರಿಯ ಪುಸ್ತಕ ಹಿಂದಿರುಗಿಸಬೇಕಾಯಿತು. ಮಾತ್ರೆ ಒಮ್ಮೆಗೇ ನಿಂತಿತು. ಅಮ್ಮನ ಕೈಕಾಲು ನಡುಗತೊಡಗಿದವು, ಗೋಡೆಗೆ ಆತು ಕೂತು ಬೆವರುತ್ತಿದ್ದಳು. ಕೊನೆಗೆ ಬೇರೊಬ್ಬ ಡಾಕ್ಟರು ಅದೇ ಮಾತ್ರೆಯನ್ನು ಮತ್ತೆ ಕೊಟ್ಟು, ಚೂರುಚೂರೇ ಇಳಿಸಿ ಬಿಡಿಸಿದರು. ಮಂಜು ಸರಿದ ಹಾಗೆ ಅಮ್ಮ ನಿಧಾನವಾಗಿ ಹೊರಗೆ ಬಂದಳು. ಮಾತಾಡಿದಳು. ಪುಟ್ಟುವಿನ ಬಗ್ಗೆ ಮಾತಾಡಿದಳು. ಅಪ್ಪನ ಟಿಫಿನ್ ಕ್ಯಾರಿಯರಿನ ಮೇಲಿನ ಡಬ್ಬಿ ಎತ್ತಿಕೊಂಡು ಓಡುತ್ತಿದ್ದದ್ದು, ಸೈರನ್ನಿಗಿಂತ ಮೊದಲು ಕೂಗಿ ಅಕ್ಕಪಕ್ಕದವರನ್ನು ಏಮಾರಿಸಿದ್ದು, ಕೊನೆಯ ದಿನ ಮಜ್ಜಿಗೆ ಕೇಳಿದ್ದು. ಒಂದು ಎಳೆಯೂ ಮಾಸಿರಲಿಲ್ಲ.

ಯಾವ ದುಃಖಕ್ಕೆಂದು ಮಾತ್ರೆ ಕೊಟ್ಟರೋ ಆ ದುಃಖ ಹಾಗೇ ಇತ್ತು. ಹೋದದ್ದು ಅದರ ನಂತರದ ವರ್ಷಗಳು. ಅಂದರೆ ನಾನು.

ಪಿಯುಸಿಯಲ್ಲಿದ್ದಾಗ ನನಗೆ ಟೈಫಾಯಿಡ್ ಬಂದಿತ್ತು. ಬೆಳಕು ಕಂಡರೆ ಕಣ್ಣು ಉರಿ. ರೆಪ್ಪೆ ಮುಚ್ಚಿಕೊಂಡೇ ಮಲಗಿರುತ್ತಿದ್ದೆ. ಹಣೆಯ ಮೇಲೆ ಒದ್ದೆ ಬಟ್ಟೆ, ಅದನ್ನು ತಿರುವಿ ಹಾಕುವ ಕೈ, ಗಾಜಿನ ಬಳೆಯ ಸದ್ದು. ಮಾತ್ರೆಯ ಮಂಪರನ್ನೂ ಒದ್ದು ಅಮ್ಮ ನನಗಾಗಿ ಎಚ್ಚರವಿದ್ದಳು ಎಂಬುದೊಂದನ್ನು ನಾನು ಆ ವರ್ಷಗಳಿಂದ ಉಳಿಸಿಕೊಂಡಿದ್ದೆ. ಅಮ್ಮ ಮಾತ್ರೆ ಬಿಟ್ಟ ಮೇಲೆ ಒಂದು ಮಧ್ಯಾಹ್ನ ಅವಳ ಜೊತೆ ಅವರೆಕಾಯಿ ಬಿಡಿಸುತ್ತ ಆ ಜ್ವರದ ಬಗ್ಗೆ ಕೇಳಿದೆ.

"ನಿಂಗೆ ಟೈಫಾಯಿಡ್ ಬಂದಿತ್ತಾ?" ಅಮ್ಮ ಕೈ ನಿಲ್ಲಿಸಿದಳು. "ನಾನಾ ನೋಡ್ಕೊಂಡಿದ್ದು?" ಆಮೇಲೆ, ಯಾರದೋ ಮನೆಯ ಸುದ್ದಿ ಕೇಳಿದವಳ ಹಾಗೆ, "ಸದ್ಯ, ವಾಸಿಯಾಯ್ತಲ್ಲ" ಎಂದಳು.

ಸಾಕ್ಷಿ ಹುಡುಕಿಕೊಂಡು ಜಯಮ್ಮನ ಹತ್ತಿರ ಹೋದೆ. ಅವರ ಮಗಳು ಸರೋಜ ನನ್ನ ವಾರಿಗೆಯವಳು. "ಬಂದಿದ್ದೆ ಅಂತ ಕಾಣುತ್ತೆ ಕಣೇ. ಹಣೆಗೆ ಒದ್ದೆ ಬಟ್ಟೆ ಹಾಕ್ದಂಗೂ ಜ್ಞಾಪಕ. ಅದು ನೀನೋ, ನಮ್ಮ ಸರೋಜನೋ? ನಂಗೂ ನೆಟ್ಟಗೆ ಗೊತ್ತಿಲ್ಲಮ್ಮ. ನಾನೂ ಅದನ್ನೇ ನುಂಗ್ತಿದ್ನಲ್ಲ!" ಎಂದು ನಕ್ಕರು. ನಾನೂ ನಕ್ಕೆ. ಬೇರೇನು ಮಾಡಬಹುದಿತ್ತು? ಜ್ವರದ ದಿನಗಳಲ್ಲಿ ಅಪ್ಪ ಪಾಳಿಯಲ್ಲಿದ್ದರು. ಡೈರಿಯಲ್ಲಿ ಆ ದಿನಗಳು ಖಾಲಿ. ಜ್ವರ ಬಂದವಳು ಬರೆಯುವುದೆಲ್ಲಿ? ಬಳೆಗಳೋ, ಅಮ್ಮ, ಜಯಮ್ಮ ಇಬ್ಬರೂ ಒಂದೇ ಬಳೆಗಾರನಿಂದ ತೊಡಿಸಿಕೊಳ್ಳುತ್ತಿದ್ದರು.

ಅಮ್ಮ ಹೋಗಿ ಬಹಳ ಕಾಲವಾಯಿತು. ಆ ಕೈ ಅವಳದೆಂದೇ ಹೇಳುತ್ತ ಬಂದಿದ್ದೇನೆ. ಹೇಳುವವಳು ನಾನೊಬ್ಬಳೇ ಆದ್ದರಿಂದ ಪೂರ್ತಿ ನಂಬಲು ಆಗುವುದಿಲ್ಲ.

ಈ ಮಾತ್ರೆಯಿಂದ ನೆನಪು ಹೋಗುತ್ತದೆಯೇ ಎಂದು ಮೊನ್ನೆ ನನ್ನ ಡಾಕ್ಟರನ್ನು ಕೇಳಿದೆ. "ಹಳೇದು ಹೋಗಲ್ಲ ಮೇಡಂ. ತುಂಬ ವರ್ಷ ತಗೊಂಡ್ರೆ ಹೊಸದು ನಿಲ್ಲೋದು ಕಷ್ಟ. ಅದಕ್ಕೇ ಎರಡೇ ವಾರಕ್ಕೆ ಬರ್ದಿದ್ದೀನಿ, ಆಮೇಲೆ ಬಂದು ನನ್ನ ನೋಡಿ" ಎಂದರು. ಅಮ್ಮನಿಗೂ ಯಾರೋ 'ಸ್ವಲ್ಪ ದಿನ' ಎಂದಿದ್ದರು.

ಇಷ್ಟು ಬರೆಯುವಷ್ಟರಲ್ಲಿ ನನ್ನ ಗಂಡ ನೀರಿನ ಲೋಟ ತಂದು ಕವರಿನ ಪಕ್ಕ ಇಟ್ಟರು. "ತಗೊಂಡು ಮಲಗು. ಖಾಲಿಯಾದ್ರೆ ಹೇಳು, ವಾಕಿಂಗ್ ಹೋದಾಗ ನಾನೇ ತಂದ್ಬಿಡ್ತೀನಿ. ನೀನ್ಯಾಕೆ ಅಲೀತೀಯ?"

ಒಳ್ಳೆಯ ಮನುಷ್ಯ. ಅಪ್ಪನೂ ಒಳ್ಳೆಯವರೇ.

"ಬೇಡ," ಎಂದೆ. "ನಂಗೆ ಬೇಕಾದ್ರೆ ನಾನೇ ಹೋಗ್ತೀನಿ. ನೀವು ಮಾತ್ರ ತರಬೇಡಿ."

ದನಿ ಗಡುಸಾಯಿತೇನೋ. ಅವರು ಏನು ತಪ್ಪು ಮಾಡಿದೆನೆಂದು ತಿಳಿಯದೆ ಲೋಟವನ್ನು ಅಲ್ಲೇ ಬಿಟ್ಟು ಒಳಗೆ ಹೋದರು.